ಸಾವಿರದ ಆರುನೂರು ಡಾಲರಿನ ಗಂಡ

ಜನವರಿ 14, ಬುಧವಾರ. ಬೆಳಿಗ್ಗೆ

ಕುರ್ಚಿ ಹಾಕಿದ್ದಾಯಿತು. ನಮ್ಮವು ಎರಡೇ. ಉಳಿದವರು ಅವರವರ ಕುರ್ಚಿ ಹೊತ್ತು ತರುತ್ತಾರೆ, ಈ ಮರುಭೂಮಿಯಲ್ಲಿ ಅದೇ ಪದ್ಧತಿ. ಬಿಳಿ ಬೋರ್ಡನ್ನು ಎತ್ತಿ ತಂದು ನಮ್ಮ ಮನೆಯೇ ಆದ ಟ್ರೇಲರಿನ ಮೈಗೆ ಒರಗಿಸಿದವಳು ನಾನು. ಅದರ ಮೇಲೆ 1600 ಎಂದು ದಪ್ಪಗೆ ಬರೆದು ಕೆಳಗೆ ಎರಡು ಗೆರೆ ಎಳೆದವನು ನನ್ನ ಗಂಡ ವೆಂಡೆಲ್. ಕಷ್ಟದ ಕೆಲಸವೆಲ್ಲ ಯಾವತ್ತೂ ಅವನದೇ.

ಬುಧವಾರದ ಪಾಠ. ಚಕ್ರದ ಮೇಲೆ ಸಂಸಾರ — ಇಬ್ಬರಿಗೆ ತಿಂಗಳಿಗೆ ಸಾವಿರದ ಆರುನೂರು ಡಾಲರ್. ಫೀಸಿಲ್ಲ. ಕಾಣಿಕೆ ಡಬ್ಬಿ ಇದೆ. ಡಬ್ಬಿಯಲ್ಲಿ ಬಿದ್ದದ್ದು ಲೆಕ್ಕಕ್ಕೆ ಬರುವುದಿಲ್ಲವಂತೆ. ಅದು ಜನರ ಪ್ರೀತಿಯಂತೆ.

ಸಂಜೆ

ಜನವೋ ಜನ. ಊರಿನಲ್ಲಿ ಟ್ರೇಲರ್ ಪ್ರದರ್ಶನ ನಡೆಯುತ್ತಿದೆಯಲ್ಲ, ಮೊನ್ನೆ ಮೊನ್ನೆ ರಿಟೈರ್ ಆದವರೆಲ್ಲ ಕ್ವಾರ್ಟ್ಸೈಟಿಗೆ ಬಂದು ಬಿದ್ದಿದ್ದಾರೆ. ಮನೆ ಮಾರಿದ ದುಡ್ಡು ಬ್ಯಾಂಕಿನಲ್ಲಿ, ಕಾಲಲ್ಲಿ ಬಿಳಿ ಶೂ. ಈ ದೂಳಿನಲ್ಲಿ ಬಿಳಿ ಶೂ... ದೇವರೇ ಕಾಪಾಡಬೇಕು.

ವೆಂಡೆಲ್ ಶುರು ಮಾಡಿದ. ಜಾಗಕ್ಕೆ ಚಳಿಗಾಲ ಪೂರ್ತಿ ನೂರ ಎಂಬತ್ತು. ತಟ್ಟೆಯನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಬೇಕು, ಆಮೇಲೆ ಸ್ಪ್ರೇ ಬಾಟಲಿಯಿಂದ ಎರಡು ಸಲ ಚಿಮುಕಿಸಬೇಕು, ಮೂರನೇದು ದುಂದು. ಗುರುವಾರ ಚರ್ಚಿನಲ್ಲಿ ಸೂಪು, ಶನಿವಾರ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಪ್ಯಾನ್‌ಕೇಕು. ಇವನು ಸೈನ್ಯದ ಗೇಟನ್ನೂ ನೋಡಿದವನಲ್ಲ. ನೆಬ್ರಾಸ್ಕದಲ್ಲಿ ಸ್ಕೂಲ್ ಬಸ್ಸುಗಳ ಡಿಪೋ ನೋಡಿಕೊಳ್ಳುತ್ತಿದ್ದ. ಹೆಂಡತಿಯ ಕ್ಷೌರ: ಸೊನ್ನೆ. ನಾನೇ ಕತ್ತರಿಸುತ್ತೇನೆ ಅಂದ. ಎಲ್ಲರೂ ತಿರುಗಿ ನನ್ನ ತಲೆ ನೋಡಿದರು. ಯಾರೂ ಅನುಮಾನ ಪಡಲಿಲ್ಲ.

ಟೈರು, ಫ್ರಿಜ್ಜು, ಗಡಿ ದಾಟಿ ಮೆಕ್ಸಿಕೋದಲ್ಲಿ ಕಟ್ಟಿಸಿಕೊಂಡ ಇವನ ಹಲ್ಲು — ಇವು ಯಾವುವೂ ಬೋರ್ಡಿನ ಮೇಲಿಲ್ಲ. ಅವು ಒಂದು ಸಲದ ಖರ್ಚು, ತಿಂಗಳ ಖರ್ಚಲ್ಲ. ಹನ್ನೊಂದು ವರ್ಷದಿಂದ ನಮ್ಮಲ್ಲಿ ಪ್ರತಿ ತಿಂಗಳೂ ಏನಾದರೊಂದು ಒಂದೇ ಸಲ ಆಗುತ್ತಾ ಬಂದಿದೆ.

ಹೊಸಬನೊಬ್ಬ ಮುಂದೆಯೇ ಕೂತಿದ್ದ. ಗಾರ್ತ್ ಅಂತೆ, ಓಹಾಯೋದವನು, ಪೇಂಟ್ ಅಂಗಡಿ ಮಾರಿ ಬಂದಿದ್ದಾನೆ. ಗೋಣು ಆಡಿಸುವುದರಲ್ಲಿ ನಿಸ್ಸೀಮ. ಅವನು ಕೇಳಿದ, ಮುಂದೊಂದು ದಿನ ತಿರುಗಾಟ ಸಾಕು, ಒಂದು ಕಡೆ ನಿಲ್ಲೋಣ ಅನ್ನಿಸಿದರೆ ಅದಕ್ಕೆ ಎಷ್ಟು ಎತ್ತಿಟ್ಟಿದ್ದೀರಿ ಸರ್ ಅಂತ.

"ನಿಲ್ಲೋದಕ್ಕೆ ಆರಡಿ ಜಾಗ ಸಾಕು. ಅದಕ್ಕೆ ಬಾಡಿಗೆ ಇರಲ್ಲ" ಅಂದ ವೆಂಡೆಲ್.

ನಕ್ಕರು. ಬುಧವಾರ ಬುಧವಾರ ಇದೇ ಜೋಕು, ಇದೇ ಜಾಗದಲ್ಲಿ. ನಾನೂ ನಕ್ಕೆ. ನನಗೆ ಕೊಟ್ಟಿರುವ ಕೆಲಸ ಅದೊಂದೇ.

ಜನವರಿ 16, ಶುಕ್ರವಾರ

ಫೋನು ಬಂತು. ಅರ್ಧ ಮಾತಿಗೇ ಕಟ್ಟಾಯಿತು. ಸಿಗ್ನಲ್ಲಿಗೆ ದಿಣ್ಣೆ ಹತ್ತಬೇಕು, ಮೊಣಕಾಲು ಹಿಡಿದುಕೊಂಡು ಹತ್ತಿದೆ. ದಿಣ್ಣೆಯ ಮೇಲೆ ಓಪಲ್‌ಳ ವ್ಯಾನು ಇದೆ. ಎಪ್ಪತ್ತೆಂಟು ವರ್ಷ, ಒಂಟಿ ಹೆಂಗಸು, ಹಗಲೆಲ್ಲ ಸಿಗರೇಟು. ಈ ಬಯಲಿನಲ್ಲಿ ನಾನು ಮೂಗು ಮುರಿಯದೆ ಮಾತಾಡುವುದು ಅವಳೊಬ್ಬಳ ಹತ್ತಿರ.

ಫೋನು ಮಾಡಿದ್ದು ಬರ್ನಡೆಟ್. ಬೆನ್ಸನ್ ಊರಿನ ಹತ್ತಿರ ನಮ್ಮಂಥವರೇ ಸೇರಿ ಮಾಡಿಕೊಂಡ ಸಹಕಾರಿ ಟ್ರೇಲರ್ ಪಾರ್ಕಿದೆ, ಅದರ ಆಫೀಸಿನವಳು. ಅಲ್ಲಿ ಸೈಟು ಸಿಕ್ಕಿದರೆ ಟ್ರೇಲರ್ ನಿಲ್ಲಿಸಿ ಸಾಯುವ ತನಕ ಇರಬಹುದು. ಒಬ್ಬರು ಸತ್ತರೆ, ಇಲ್ಲ ಮಕ್ಕಳ ಮನೆ ಸೇರಿದರೆ, ಸಾಲಿನಲ್ಲಿದ್ದ ಮುಂದಿನವರಿಗೆ. ಒಂಬತ್ತು ವರ್ಷದ ಹಿಂದೆ ಹೆಸರು ಬರೆಸಿದ್ದೆ. ಐನೂರು ಮುಂಗಡ, ಬೇಡವೆಂದರೆ ವಾಪಸು ಅಂದದ್ದಕ್ಕೆ ವೆಂಡೆಲ್ ಒಪ್ಪಿದ್ದ. ಸರದಿ ಬರುವ ಹೊತ್ತಿಗೆ ನಾವಿಬ್ಬರೂ ಇರುವುದಿಲ್ಲ ಅಂತ ನಕ್ಕಿದ್ದ.

ಇಬ್ಬರೂ ಇದ್ದೇವೆ. ಆ ಲೆಕ್ಕವೂ ತಪ್ಪಿತು.

ಅರವತ್ತೊಂದನೇ ನಂಬರ್. ಹದಿಮೂರು ಸಾವಿರದ ಐನೂರು. ಮೂವತ್ತನೇ ತಾರೀಕು ಶುಕ್ರವಾರ ಸಂಜೆ ಐದರ ಒಳಗೆ ಇಬ್ಬರೂ ಬಂದು ಸಹಿ ಹಾಕಬೇಕು. ಗಂಡ ಹೆಂಡತಿ ಇದ್ದರೆ ಎರಡು ಸಹಿ, ಒಂದು ನಡೆಯದು. ಬೇಡ ಅಂದರೆ ಹೆಸರು ಸಾಲಿನ ಕೊನೆಗೆ. ಕೊನೆ ಅಂದರೆ ಇನ್ನೊಂದು ಒಂಬತ್ತು ವರ್ಷ. ನನಗೀಗ ಅರವತ್ತೇಳು. ಈ ಲೆಕ್ಕಕ್ಕೆ ಬಿಳಿ ಬೋರ್ಡು ಬೇಕಿಲ್ಲ.

ಆ ಸೈಟು ನೋಡಿದ್ದೇನೆ. ಸಿಮೆಂಟಿನ ಹಾಸು, ಒಂದು ನಲ್ಲಿ, ಕಕ್ಕಸಿನ ಪೈಪಿಗೆ ನೆಲದಲ್ಲೇ ಬಾಯಿ, ತಗಡಿನ ಒಂದು ಶೆಡ್ಡು, ಒಂದು ಮೆಸ್ಕೀಟ್ ಮರ. ಅರಮನೆಯಲ್ಲ. ನನಗೆ ಬೇಕು. ಇಷ್ಟು ಬೇಕು ಅಂತ ಯಾವುದನ್ನೂ ಬಯಸಿದ್ದು ನೆನಪಿಲ್ಲ. ಪ್ರತಿ ಊರಿನಲ್ಲೂ ಹೊಸ ಡಾಕ್ಟರ ಮುಂದೆ ಕೂತು ಮೊಣಕಾಲಿನ ಪುರಾಣ, ಎಡಗಣ್ಣಿನ ಪೊರೆಯ ಪುರಾಣ ಮೊದಲಿಂದ ಹೇಳುವುದು ಸಾಕಾಗಿದೆ. ಒಂದು ಗಿಡ ನೆಟ್ಟರೆ ಅದು ಹೂ ಬಿಡುವ ತನಕ ಅಲ್ಲೇ ಇರಬೇಕು.

ಓಪಲ್ ಎಲ್ಲ ಕೇಳಿಸಿಕೊಂಡಳು. ವ್ಯಾನಿನ ಮೆಟ್ಟಿಲ ಮೇಲೆ ಬೂದಿ ಕೊಡವಿದಳು.

"ಅವನು ಒಪ್ಪಲ್ಲ ಕಣೇ. ಒಪ್ಪಿದ್ರೆ ಬುಧವಾರ ಏನ್ ಮಾಡ್ತಾನೆ?"

ಜನವರಿ 17, ಶನಿವಾರ

ಪ್ಯಾನ್‌ಕೇಕು ತಿಂದು ಬಂದ ಮೇಲೆ ಹೇಳಿದೆ. ಹೊಟ್ಟೆ ತುಂಬಿದಾಗ ಸ್ವಲ್ಪ ಮನುಷ್ಯನ ಹಾಗಿರುತ್ತಾನೆ.

ಎಷ್ಟು ಅಂತ ಕೇಳಿದ. ಹೇಳಿದೆ. ಎದ್ದು ಹೊರಗೆ ಹೋಗಿ ಟೈರುಗಳನ್ನು ಒಂದೊಂದಾಗಿ ಒದ್ದು ಬಂದ. ಅವನು ಯೋಚನೆ ಮಾಡುವುದು ಹಾಗೆ, ಕಾಲಿನಿಂದ.

ಬ್ಯಾಂಕಿನಲ್ಲಿ ಹತ್ತೊಂಬತ್ತು ಸಾವಿರ ಇದೆ. ಅದು ಆಪತ್ತಿನ ದುಡ್ಡು, ಮುಟ್ಟುವ ಹಾಗಿಲ್ಲ ಅಂದ. ಟ್ರೇಲರಿನ ಮೆಟ್ಟಿಲು ಹತ್ತಲು ಇಳಿಯಲು ನಾನು ಬಾಗಿಲ ಹಿಡಿಗೆ ಜೋತು ಬೀಳುತ್ತೇನೆ, ಅದು ಆಪತ್ತಲ್ಲವೇ ಅಂದೆ. ಇನ್ನೊಂದು ಚಿಕ್ಕ ಮೆಟ್ಟಿಲು ಮಾಡಿಕೊಡುತ್ತೇನೆ ಅಂದ. ಹಲಗೆ ಇದೆಯಂತೆ, ಖರ್ಚಿಲ್ಲವಂತೆ.

ಆಮೇಲೆ ಭಾಷಣ. ಗೂಟ ಹೊಡೆದುಕೊಂಡವರ ಬಗ್ಗೆ. ಒಂದೇ ಕಡೆ ನಿಂತವರನ್ನು ಅವನು ಕರೆಯುವುದೇ ಹಾಗೆ. ಸಂಜೆ ನಾಲ್ಕಕ್ಕೆ ದುಂಡಗೆ ಕೂತು ಒಬ್ಬರ ರೋಗ ಒಬ್ಬರಿಗೆ ಹೇಳುತ್ತಾರೆ, ಕಲ್ಲಿಗೆ ಬಣ್ಣ ಬಳಿಯುತ್ತಾರೆ, ನಾಯಿ ಬೊಗಳಿತು ಅಂತ ಸಭೆ ಸೇರಿಸುತ್ತಾರೆ. ಅದೆಲ್ಲ ನಿಜ ಅಂತ ನನಗೂ ಗೊತ್ತು. ನಾನು ಅವರ ಮುಖ ನೋಡಲು ಹೋಗುತ್ತಿಲ್ಲ. ನಲ್ಲಿಗಾಗಿ ಹೋಗುತ್ತಿದ್ದೇನೆ.

ಕೊನೆಗೆ ಬಾಯಿಂದ ಬಂದೇ ಬಂತು.

"ಜನ ಏನಂತಾರೆ ಲುರೀನ್?"

ಯಾವ ಜನ. ಕುರ್ಚಿ ಹೊತ್ತುಕೊಂಡು ಬರುವ ಜನ. ಎರಡು ವಾರದಲ್ಲಿ ಇವನ ಹೆಸರು ಮರೆಯುವ ಜನ.

ಜನವರಿ 20, ಮಂಗಳವಾರ

ನಾನೇ ಕೂಡಿದೆ. ಇಪ್ಪತ್ತಾರು ವರ್ಷ ಸ್ಕೂಲಿನ ಅಡುಗೆಮನೆ ನಡೆಸಿದವಳು, ಕೂಡುವುದು ಬರುತ್ತದೆ. ಒಂದು ಸಲದವು ಎಲ್ಲವನ್ನೂ ಸೇರಿಸಿದರೆ ತಿಂಗಳಿಗೆ ಎರಡು ಸಾವಿರದ ಮುನ್ನೂರರ ಮೇಲೆ. ಅದೂ ಹೋದ ವರ್ಷ ಟ್ರೇಲರ್ ಎಳೆಯುವ ಟ್ರಕ್ಕಿನ ಪೂರ್ತಿ ವಿಮೆ ಬಿಟ್ಟು, ಕಾನೂನಿಗೆ ಎಷ್ಟು ಬೇಕೋ ಅಷ್ಟೇ ಉಳಿಸಿಕೊಂಡ ಮೇಲೆ. ನಾವು ಬೇರೆಯವರಿಗೆ ಗುದ್ದಿದರೆ ಅವರಿಗೆ ಸಿಗುತ್ತದೆ. ನಮಗೆ ನಾವೇ ಗುದ್ದಿಕೊಂಡರೆ ಏನೂ ಇಲ್ಲ. ಅದನ್ನೂ ಪಾಠದಲ್ಲಿ ಎದೆ ತಟ್ಟಿಕೊಂಡು ಹೇಳುತ್ತಾನೆ. ಮೂವತ್ತು ವರ್ಷ ಬಸ್ಸಿನ ಡಿಪೋದಲ್ಲಿದ್ದವನಿಗೆ ವಿಮೆ ಯಾಕೆ ಅಂತ.

ಅವನ ಮುಂದೆ ಇಟ್ಟೆ. ನೋಡಿದ. ಟೈರಿಗೆ ಬೆರಳಿಟ್ಟು, ಇದು ಒಂದು ಸಲದ್ದು ಕಣೇ ಅಂದ.

ಹುರುಳಿಕಾಯಿ ಡಬ್ಬಿ ತೆರೆದು ಹಾಗೇ ಅವನ ಮುಂದೆ ಕುಕ್ಕಿದೆ. ಬಿಸಿ ಮಾಡಲಿಲ್ಲ. ಗ್ಯಾಸು ಉಳಿಯಲಿ.

ಜನವರಿ 21, ಬುಧವಾರ

ಮತ್ತೆ ಪಾಠ. ಎದ್ದು ನಿಂತು ಹೇಳಿಬಿಡೋಣ ಅಂತ ಬೆಳಗಿನಿಂದ ಗಂಟಲು ಸರಿಮಾಡಿಕೊಂಡಿದ್ದೆ. ಇದು ಬುರುಡೆ, ಇವನ ಮಾತು ಕಟ್ಟಿಕೊಂಡು ಮನೆ ಮಾರಬೇಡಿ ಅಂತ.

ಗಾರ್ತ್‌ನೇ ದಾರಿ ಮಾಡಿಕೊಟ್ಟ. ಅವನ ಹೆಂಡತಿ ಇನ್ನೂ ಓಹಾಯೋದಲ್ಲಿ ಪಾತ್ರೆ ಪಗಡ ಕಟ್ಟುತ್ತಿದ್ದಾಳಂತೆ, ಅವಳಿಗೆ ಧೈರ್ಯ ಹೇಳಬೇಕಂತೆ. "ಮೇಡಂ, ನೀವು ಹೇಳಿ. ಹೆಂಗಸರಿಗೆ ಇದು ಒಗ್ಗತ್ತಾ?"

ಎಲ್ಲರೂ ತಿರುಗಿದರು. ವೆಂಡೆಲ್ ಕೂಡ. ಅವನ ಕೈಯಲ್ಲಿದ್ದ ಪೆನ್ನು ಅರ್ಧಕ್ಕೇ ನಿಂತಿತ್ತು. ಹೆದರಿದ್ದಾನೆ. ಅದು ಕಂಡಿತು.

"ಹಾಯಾಗಿದೀನಪ್ಪ" ಅಂದೆ.

ಥೂ ನನ್ನ ಜನ್ಮಕ್ಕೆ. ಅವನಿಗೆ ಉಗಿಯುವುದಿರಲಿ.

ಜನವರಿ 25, ಭಾನುವಾರ

ಮೂರು ದಿನ ಅವನೊಂದಿಗೆ ಮಾತಿಲ್ಲ. ಇಷ್ಟು ಸಣ್ಣ ಟ್ರೇಲರಿನಲ್ಲಿ ಮಾತು ಬಿಡುವುದೂ ಸುಲಭವಲ್ಲ. ಒಬ್ಬರು ಒಲೆಯಿಂದ ಬಾತ್‌ರೂಮಿಗೆ ಹೋಗಬೇಕಾದರೆ ಇನ್ನೊಬ್ಬರು ಮಂಚದ ಮೇಲೆ ಕಾಲೆತ್ತಿ ಕೂರಬೇಕು. ಮಾತಿಲ್ಲದೆ ಕಾಲೆತ್ತುತ್ತಾನೆ.

ಇವತ್ತು ಅವನೇ ಬಾಯಿ ಬಿಟ್ಟ. ಮಂಗಳವಾರ ಇಲ್ಲಿಂದ ಎದ್ದು ನದಿಯ ಆಚೆ, ಕ್ಯಾಲಿಫೋರ್ನಿಯಾ ಕಡೆಯ ಬಯಲಿಗೆ ಹೋಗೋಣ ಅಂದ. ಎರಡು ವಾರ ಬಿಟ್ಟಿ ಜಾಗ. ಗಾಳಿ ಕಡಿಮೆ. ದೂಳು ಕಡಿಮೆ. ಅಲ್ಲಿ ಸಿಗ್ನಲ್ಲೇ ಇಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಮೂವತ್ತನೇ ತಾರೀಕು ಆ ಬಯಲಿನಲ್ಲಿ ತಾನಾಗಿ ಕಳೆದುಹೋಗಲಿ ಅಂತ. ಬೇಡ ಅನ್ನುವುದಕ್ಕೂ ಗಂಡಸಿಗೆ ಬಾಯಿಲ್ಲ.

ಬರ್ನಡೆಟ್‌ಗೆ ನೀನೇ ಫೋನು ಮಾಡಿ ಬೇಡ ಅಂತ ಹೇಳು, ಅಷ್ಟಾದರೂ ಮರ್ಯಾದೆ ಉಳಿಸಿಕೋ ಅಂದೆ. ವಾಪಸು ಬಂದ ಮೇಲೆ ನೋಡೋಣ ಅಂದ. ವಾಪಸು ಬರುವುದು ಫೆಬ್ರವರಿ ಹತ್ತಕ್ಕೆ.

ಇಂಥ ಹೇಡಿಯ ಜೊತೆ ನಲವತ್ನಾಲ್ಕು ವರ್ಷ.

ಜನವರಿ 27, ಮಂಗಳವಾರ. ಮಧ್ಯಾಹ್ನ, ಓಪಲ್‌ಳ ವ್ಯಾನಿನಲ್ಲಿ

ಇದನ್ನು ಈಗಲೇ ಬರೆಯಬೇಕು. ನಾಳೆ ಬರೆದರೆ ನನಗೆ ಬೇಕಾದ ಹಾಗೆ ಬರೆದುಕೊಳ್ಳುತ್ತೇನೆ.

ಟ್ರಕ್ಕಿಗೆ ಟ್ರೇಲರಿನ ಕೊಂಡಿ ಹಾಕುವವನನ್ನು ಯಾರೂ ಮಾತಾಡಿಸಬಾರದು. ನಮ್ಮ ಜನರಲ್ಲಿ ಇದು ಬೈಬಲ್ಲಿಗಿಂತ ಗಟ್ಟಿ. ಒಂದಾದ ಮೇಲೊಂದು ಮಾಡುವ ಹತ್ತಾರು ಸಣ್ಣ ಕೆಲಸ, ನಡುವೆ ಒಂದು ಮಾತು ಬಿದ್ದರೆ ಒಂದು ಕೆಲಸ ಬಿಟ್ಟುಹೋಗುತ್ತದೆ. ಅದಕ್ಕೇ ಅಕ್ಕಪಕ್ಕದವರು ದೂರದಿಂದ ಕೈ ಎತ್ತಿ ಮುಖ ತಿರುಗಿಸಿಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ನನಗೂ ಅದೇ ಪಾಠ: ಕೊಂಡಿ ಹಾಕುವಾಗ ಬಾಯಿ ಮುಚ್ಚಿಕೊಂಡಿರು. ಯೂಟಾದಲ್ಲಿ ಒಂದು ಸಲ ಕಾಫಿ ಬೇಕಾ ಅಂದಿದ್ದೆ. ಮೆಟ್ಟಿಲು ಮಡಚುವುದನ್ನು ಮರೆತ, ಅದು ಬಂಡೆಗೆ ಸಿಕ್ಕಿ ಮುರಿಯಿತು. ಮೂರು ವರ್ಷ ಆ ಕಾಫಿಯ ಮಾತು ಕೇಳಿದ್ದೇನೆ.

ಎಂದಿನಂತೆ ಎಡಗಡೆ, ಅವನ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತಿದ್ದೆ. ಟ್ರಕ್ಕು ಹಿಂದಕ್ಕೆ ಬಂತು. ಟ್ರೇಲರಿನ ಮೂತಿಯ ಕೆಳಗಿನ ಗೂಟ ಟ್ರಕ್ಕಿನ ಬೆನ್ನ ಮೇಲಿರುವ ಕೊಂಡಿಯ ಬಾಯಿಗೆ ಸರಿಯಾಗಿ ಕೂತಿತು. ಇಳಿದು ಬಂದ. ಇನ್ನು ಹಿಡಿಯನ್ನು ಒಳಗೆ ತಳ್ಳಿದರೆ ಕೊಂಡಿ ಬಾಯಿ ಮುಚ್ಚುತ್ತದೆ. ಅಷ್ಟೇ ಉಳಿದದ್ದು.

ಗಾರ್ತ್ ಬಂದ. ಹೊಸಬ, ರೀತಿ ರಿವಾಜು ಏನು ಗೊತ್ತು. "ಸರ್, ಹೋಗೋ ಮುಂಚೆ ಒಂದೇ ಪ್ರಶ್ನೆ. ಟೈರಿಗೆ ತಿಂಗಳಿಗಿಷ್ಟು ಅಂತ ಎತ್ತಿಡಬೇಕಾ, ಬೇಡ್ವಾ?"

ಬೇರೆ ಯಾರಾದರೂ ಆಗಿದ್ದರೆ ಅಂಗೈ ಎತ್ತಿ ತಡೆಯುತ್ತಿದ್ದ. ನಾನಾಗಿದ್ದರೆ ಅಲ್ಲೇ ಹರಿದು ಹಾಕುತ್ತಿದ್ದ. ಆದರೆ ಪ್ರಶ್ನೆ ಬಜೆಟ್ಟಿನದು. ಕೊಂಡಿಗೆ ಬೆನ್ನು ಹಾಕಿ ನಿಂತು ಶುರು ಮಾಡಿದ. ಒಂದು ಸಲದ್ದು, ತಿಂಗಳದ್ದು, ಅದೇ ಕೊರೆತ. ಗಾರ್ತ್ ಗೋಣು ಆಡಿಸಿದ್ದೇ ಆಡಿಸಿದ್ದು. ಮುಗಿದ ಮೇಲೆ ವೆಂಡೆಲ್ ಅವನ ಭುಜ ತಟ್ಟಿ ಬಟನ್ ಒತ್ತಿ ಟ್ರೇಲರಿನ ಮೂತಿ ಹೊತ್ತಿದ್ದ ಮುಂಗಾಲು ಎತ್ತಿದ, ಚಕ್ರಕ್ಕಿಟ್ಟ ದಿಮ್ಮಿ ತೆಗೆದ, ಟ್ರಕ್ ಹತ್ತಿದ.

ಹಿಡಿ ಹೊರಗೇ ಇತ್ತು. ಅದರ ತುದಿಗೆ ಕೆಂಪು ಬಣ್ಣ. ನೋಡಿದೆ. ಅನುಮಾನವಿಲ್ಲ, ಸ್ಪಷ್ಟವಾಗಿ ನೋಡಿದೆ.

ಹೇಳುವುದಕ್ಕೆ ಸಮಯವಿತ್ತು. ಅವನು ಬೆಲ್ಟು ಹಾಕಿಕೊಂಡ, ಸೀಟು ಸರಿಮಾಡಿಕೊಂಡ, ಕನ್ನಡಿಯಲ್ಲಿ ನೋಡಿದ. ನಿಲ್ಲು ಅಂದಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡು ನಿಂತೆ.

ಟ್ರಕ್ಕು ಮುಂದೆ ಹೋಯಿತು, ಟ್ರೇಲರ್ ಹೋಗಲಿಲ್ಲ. ಗೂಟ ಜಾರಿ ಹೊರಗೆ ಬಂತು. ಮೂತಿ ಕೆಳಗೆ ಕುಸಿದು ಟ್ರಕ್ಕಿನ ಬೆನ್ನ ಮೇಲೆ ಬಿತ್ತು. ಆ ಸದ್ದಿಗೆ ದಿಣ್ಣೆಯ ಮೇಲಿಂದ ಓಪಲ್ ಸಿಗರೇಟು ಬಿಸಾಕಿ ಓಡಿ ಬಂದಳು. ಒಳಗೆ ನನ್ನ ತಟ್ಟೆ ಬಟ್ಟಲೆಲ್ಲ ಒಂದರ ಮೇಲೊಂದು ಬೀಳುತ್ತಿದ್ದವು. ಯಾರಿಗೂ ಏಟಾಗಲಿಲ್ಲ. ಗಾರ್ತ್ ತಲೆ ಮೇಲೆ ಕೈ ಹೊತ್ತು ನಿಂತುಬಿಟ್ಟ.

ಆಗ ಏನಂದುಕೊಂಡೆ? ಟ್ರಕ್ಕು ಹೋಗುತ್ತದೆ, ದುಡ್ಡು ಹೋಗುತ್ತದೆ, ಸೈಟೂ ಹೋಗುತ್ತದೆ — ಯಾವುದೂ ಹೊಳೆಯಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗುವುದಿಲ್ಲ, ಅಷ್ಟೇ. ಆಮೇಲೆ ಇನ್ನೊಂದು. ಬೀಳಲಿ ಅಂದುಕೊಂಡೆ. ಹೌದು, ಅಂದುಕೊಂಡೆ.

ಜನವರಿ 28, ಬುಧವಾರ

ಪಾಠವಿಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಕುರ್ಚಿ ಹೊತ್ತುಕೊಂಡು ಬಂದರು. ಕೆಲವರು ಕುರ್ಚಿ ಕೆಳಗಿಟ್ಟು ಫೋಟೋ ತೆಗೆದರು. ನಾಚಿಕೆ ಇಲ್ಲದ ಜನ್ಮಗಳು.

ಮೆಕ್ಯಾನಿಕ್ ಬೆಳಿಗ್ಗೆಯೇ ನೋಡಿ ಹೋಗಿದ್ದ. ಟ್ರಕ್ಕಿನ ಹಿಂಭಾಗದ ಎರಡೂ ಪಕ್ಕ ಚಪ್ಪಟೆ, ಕೆಳಗಿನ ಚಾಸಿಯೂ ಬಾಗಿದೆ. ಸರಿಮಾಡಲು ಹನ್ನೊಂದು ಸಾವಿರ. ಟ್ರಕ್ಕಿಗೇ ಅಷ್ಟು ಬೆಲೆ ಇಲ್ಲ. ಟ್ರೇಲರಿಗೆ ಮೂತಿಯ ಕೆಳಗೆ ನೆಗ್ಗು, ಬೇರೆ ಟ್ರಕ್ಕು ಕಟ್ಟಿ ಎಳೆಯಬಹುದು. ವಿಮೆಯಿಂದ ಒಂದು ಕಾಸೂ ಇಲ್ಲ.

ವೆಂಡೆಲ್ ಹೊರಗೆ ಬಂದು ಅವರ ಮುಂದೆ ನಿಂತ. ಈಗ ಗಾರ್ತ್‌ನ ಹೆಸರು ಹೇಳುತ್ತಾನೆ, ಆ ಬಡಪಾಯಿಯನ್ನು ಎಲ್ಲರೆದುರು ಹಿಂಡಿ ಹಾಕುತ್ತಾನೆ ಅಂತ ಕಾದೆ. ಗಾರ್ತ್ ಹಿಂದೆಯೇ ನಿಂತಿದ್ದ, ಮುಖದಲ್ಲಿ ರಕ್ತವಿಲ್ಲ.

"ಹಿಡಿ ತಳ್ಳೋದು ಮರೆತೆ. ನಂದೇ ತಪ್ಪು. ವಿಮೆ ಬಿಟ್ಟಿದ್ದೂ ತಪ್ಪು, ಅದನ್ನ ಯಾರೂ ಮಾಡ್ಬೇಡಿ" ಅಂದ. ಒಳಗೆ ಬಂದ.

ಹೆಸರು ಹೇಳಿದ್ದರೆ ಚೆನ್ನಾಗಿತ್ತು. ನನಗೆ ಉಗಿಯಲು ಒಂದು ಕಾರಣ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ.

ಜನವರಿ 29, ಗುರುವಾರ

ಚರ್ಚಿನ ಸೂಪಿಗೆ ಹೋಗಲಿಲ್ಲ. ಮೇಜಿನ ಮುಂದೆ ಕೂತಿದ್ದ. ಇನ್ನೊಂದು ಟ್ರಕ್ಕು ಕೊಳ್ಳೋಣವೆಂದರೆ ಹಳೆಯದಕ್ಕೇ ಇಪ್ಪತ್ತೈದು ಸಾವಿರ. ಇಲ್ಲೇ ಇರೋಣವೆಂದರೆ ಏಪ್ರಿಲ್ಲಿಗೆ ಈ ಜಾಗದ ಚೀಟಿ ಮುಗಿಯುತ್ತದೆ, ಆಮೇಲಿನ ಬಿಸಿಲಿಗೆ ಹಲ್ಲಿಯೂ ನಿಲ್ಲುವುದಿಲ್ಲ. ಇದ್ದ ಟ್ರಕ್ಕನ್ನು ಸರಿಮಾಡಿಸಿದರೆ ಉಳಿಯುವ ಎಂಟು ಸಾವಿರ ಹಿಡಿದುಕೊಂಡು ಮುಂದಿನ ಒಂದು ಸಲದ ಖರ್ಚಿಗೆ ಕಾಯುತ್ತಾ ಕೂರಬೇಕು. ಬಾಡಿಗೆ ಟ್ರಕ್ಕಿನವನು ಬೆನ್ಸನ್ ತನಕ ಎಳೆದುಕೊಡಲು ಏಳುನೂರು ಕೇಳುತ್ತಾನೆ. ಹೇಗೆ ಕೂಡಿದರೂ, ಹೇಗೆ ಕಳೆದರೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

"ಫೋನ್ ಮಾಡು ಆ ಬರ್ನಡೆಟ್‌ಗೆ" ಅಂದ.

ದಿಣ್ಣೆ ಹತ್ತಿದೆ. ಮೊಣಕಾಲು ನೋಯಲಿಲ್ಲ. ಓಪಲ್ ಸುದ್ದಿ ಕೇಳಿ, ಬಿದ್ದಿದ್ದೇ ಒಳ್ಳೇದಾಯ್ತು ಬಿಡು ಅಂದಳು. ಬಾಯಿ ಮುಚ್ಚು ಅಂದುಬಿಟ್ಟೆ. ಅವಳಿಗೆ ಹಾಗಂದದ್ದು ಇದೇ ಮೊದಲು. ನನ್ನನ್ನೇ ನೋಡುತ್ತಾ ಇನ್ನೊಂದು ಸಿಗರೇಟು ಹಚ್ಚಿದಳು.

ಜನವರಿ 30, ಶುಕ್ರವಾರ

ಓಪಲ್‌ಳ ವ್ಯಾನಿನಲ್ಲಿ ಹೋದೆವು. ಮೂರು ಗಂಟೆಗೆ ಸಹಿ. ವೆಂಡೆಲ್ ಹೆಸರನ್ನು ಪೂರ್ತಿ ಬರೆದ, ವೆಂಡೆಲ್ ಪೊಕಾರ್ನಿ, ಒಂದೊಂದೇ ಅಕ್ಷರ. ಬರ್ನಡೆಟ್ ಶೆಡ್ಡಿನ ಕೀ ಕೊಟ್ಟಳು. ತುಂಬ ಹಲ್ಲು ಕಿರಿಯುವ ಹೆಂಗಸು. ನಾನೂ ಕಿರಿದೆ.

ಗೆದ್ದೆ.

ಫೆಬ್ರವರಿ 6, ಶುಕ್ರವಾರ

ಅರವತ್ತೊಂದನೇ ನಂಬರಿನಲ್ಲಿ. ಜಜ್ಜಿಹೋದ ಟ್ರಕ್ಕನ್ನು ಗುಜರಿಯವನಿಗೆ ಕೊಟ್ಟು ಬಂದೆವು. ಅದನ್ನು ಕ್ರೇನಿನಲ್ಲಿ ಎತ್ತುವಾಗ ವೆಂಡೆಲ್ ಬೇರೆ ಕಡೆ ನೋಡುತ್ತಿದ್ದ.

ಇಲ್ಲಿನವರು ಅವನು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ. ಎದುರಿನವನು ಜಲ್ಲಿಗೆ ಹಸಿರು ಬಣ್ಣ ಬಳಿದು ಹುಲ್ಲು ಅನ್ನುತ್ತಾನೆ. ಪಕ್ಕದ ಹೆಂಗಸಿನ ಅಂಗಳದ ತುಂಬ ಪ್ಲಾಸ್ಟಿಕ್ ಕೊಕ್ಕರೆ, ಹಬ್ಬಕ್ಕೊಂದು ಟೋಪಿ ಹಾಕುತ್ತಾಳಂತೆ. ಸಂಜೆ ನಾಲ್ಕಕ್ಕೆ ಕರೆದರು. ಹೋದೆ. ಮೂರು ಮೊಣಕಾಲು, ಒಂದು ಸೊಂಟ, ಒಂದು ಗುದದ್ವಾರ. ಎದ್ದು ಬಂದೆ.

ವೆಂಡೆಲ್ ಅಲ್ಲೇ ಕೂತಿದ್ದ. ನೀವು ಲೆಕ್ಕಾಚಾರದವರಂತಲ್ಲ, ಕ್ವಾರ್ಟ್ಸೈಟಿನಲ್ಲಿ ಪಾಠ ಮಾಡುತ್ತಿದ್ದಿರಂತಲ್ಲ ಅಂತ ಯಾರೋ ಕೇಳಿದರು. ನನಗೇನೂ ಗೊತ್ತಿಲ್ಲ ಅಂದನಂತೆ.

ಆ ಬಾಯಿ ಒಂದು ದಿನ ಮುಚ್ಚಲಿ ಅಂತ ಹನ್ನೊಂದು ವರ್ಷ ಹರಕೆ ಹೊತ್ತಿದ್ದೆ. ಮುಚ್ಚಿದೆ. ಈಗ ಊಟದ ಹೊತ್ತಿನಲ್ಲಿ ಚಮಚದ ಸದ್ದು ಮಾತ್ರ. ಹೀಯಾಳಿಸಬೇಕಾದರೂ ಎದುರಿನವನು ಸ್ವಲ್ಪ ಸೊಕ್ಕಿನಿಂದ ನಿಂತಿರಬೇಕು. ಇವನು ಬೆನ್ನು ಬಗ್ಗಿಸಿಕೊಂಡು ಮೆಸ್ಕೀಟ್ ಎಲೆ ಗುಡಿಸುತ್ತಿರುತ್ತಾನೆ.

ಫೆಬ್ರವರಿ 11, ಬುಧವಾರ. ಸಂಜೆ

ಹೊರಗೆ ಕೂತಿದ್ದೆವು, ನಮ್ಮ ಎರಡು ಕುರ್ಚಿ. ಬುಧವಾರ ಅಂತ ಇಬ್ಬರಿಗೂ ಗೊತ್ತಿತ್ತು. ಅವನೇ ಮಾತು ತೆಗೆದ. ನನ್ನ ಮುಖ ನೋಡದೆ.

"ಅವತ್ತು ಟ್ರಕ್ ಹತ್ತಿದ ಮೇಲೆ ನಂಗೇ ಅನುಮಾನ ಬಂತು ಕಣೇ. ಹಿಡಿ ತಳ್ಳಿದ್ನೋ ಇಲ್ವೋ ಅಂತ. ಇಳಿಯೋಣ ಅಂತ ಬಾಗಿಲಿಗೆ ಕೈ ಹಾಕಿದ್ದೆ. ಆಮೇಲೆ ಕನ್ನಡೀಲಿ ನೀನು ಕಂಡೆ. ಕೈ ಕಟ್ಕೊಂಡು ಆರಾಮಾಗಿ ನಿಂತಿದ್ದೆ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಲುರೀನ್ ಕಿರುಚ್ತಿದ್ಲು ಅಂದ್ಕೊಂಡು ಗೇರ್ ಹಾಕ್ದೆ."

ಇವನಿಗೆ ಗೊತ್ತಾಗಿದೆ, ಈಗ ಚುಚ್ಚುತ್ತಿದ್ದಾನೆ ಅಂದುಕೊಂಡೆ. ಇಲ್ಲ. ಕೊಂಕು ಇವನಿಗೆ ಬರುವುದಿಲ್ಲ, ಅದು ಈ ಮನೆಯಲ್ಲಿ ನನ್ನ ಇಲಾಖೆ. ಇವನು ಹೇಳುವುದೆಲ್ಲ ಹೇಳಿದಷ್ಟೇ.

"ನಿಂಗೆ ಕಂಡಿಲ್ಲ. ಹೇಗೆ ಕಾಣತ್ತೆ? ನಿನ್ನ ಎಡಗಣ್ಣಿನ ಪೊರೆ ತೆಗೆಸೋದನ್ನ ಎರಡು ವರ್ಷದಿಂದ ಮುಂದೆ ಹಾಕ್ದೋನು ನಾನೇ. ಆ ಬೋರ್ಡಿನ ಸಾವಿರದ ಆರುನೂರಕ್ಕೋಸ್ಕರ. ಅದಕ್ಕೇ ನಾನು ನಿನ್ನ ಕೇಳ್ಲೂ ಇಲ್ಲ. ನೀನು ಮನಸ್ಸಿಗೆ ಹಚ್ಕೋಬೇಡ."

ಬೆನ್ಸನ್ನಿನ ಕಣ್ಣಿನ ಡಾಕ್ಟರ ಹತ್ತಿರ ಸೋಮವಾರಕ್ಕೆ ಹೊತ್ತು ಗೊತ್ತು ಮಾಡಿದ್ದಾನಂತೆ. ಉಳಿದ ದುಡ್ಡಿನಲ್ಲಿ ಮೊದಲು ಅದೇ ಅಂತೆ. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟ, ತೆಗೆದ, ತಟ್ಟೆಗಳನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ಹೋದ.

ಎಡಗಣ್ಣು ಮಂಜು, ನಿಜ. ಬಲಗಣ್ಣಿಗೆ ಆಪರೇಷನ್ ಆಗಿದೆ. ಅದರಲ್ಲಿ ಇಲ್ಲಿಂದ ಕೂತೇ ಎದುರಿನವನ ಬಣ್ಣ ಬಳಿದ ಜಲ್ಲಿ ಒಂದೊಂದಾಗಿ ಕಾಣುತ್ತದೆ. ಕೆಂಪು ಹಿಡಿ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಎಂಥ ಪೆದ್ದ. ಇಷ್ಟು ವರ್ಷ ಜೊತೆಗಿದ್ದು ನಾನು ಎಂಥವಳು ಅಂತ ತಿಳಿಯದ ಪೆದ್ದ. ತಿಳಿಯದೆ ನನ್ನ ಮುಖ ನೋಡಿ ಗೇರು ಹಾಕಿದ.

ತಟ್ಟೆ ತೊಳೆಯುತ್ತಿದ್ದಾನೆ. ನಲ್ಲಿ ಪೂರ್ತಿ ಬಿಟ್ಟಿದ್ದಾನೆ, ಇಲ್ಲಿಗೆ ಕೇಳುತ್ತಿದೆ. ನನಗೋಸ್ಕರ ಬಿಟ್ಟಿದ್ದಾನೆ. ಏಳಬೇಕು, ಹೋಗಿ ಹೇಳಬೇಕು. ನನಗೆ ಕಂಡಿತ್ತು ವೆಂಡೆಲ್ ಅಂತ. ಅಷ್ಟೇ, ಒಗ್ಗರಣೆ ಏನೂ ಬೇಡ. ಸೋಮವಾರ ಆ ಡಾಕ್ಟರ್ ಒಂದು ಕಣ್ಣು ಮುಚ್ಚಿಸಿ ಇವನೆದುರೇ ಗೋಡೆಯ ಅಕ್ಷರ ಓದಿಸುವ ಮೊದಲೇ ಹೇಳಬೇಕು. ಇವತ್ತೇ. ನಲ್ಲಿ ನಿಂತಿತು. ಈ ಕಡೆಗೇ ಬರುತ್ತಿದ್ದಾನೆ, ಕೈಯಲ್ಲಿ ನನ್ನ ಬಟ್ಟಲು —